ಮಣ್ಣಿನ ಸಾವಯವ ಇಂಗಾಲ ಮತ್ತು ಒಟ್ಟು ಸಾರಜನಕವನ್ನು ಪ್ರಯೋಗಾಲಯದಲ್ಲಿ ಅಳೆಯುವ ಕ್ರಮ

ವಿಜಯಪುರದ ಕಡೆಯ ಎರೆಹೊಲದ ಒಂದೇ ಚೀಲದ ಮಣ್ಣನ್ನು ಎರಡು ಪ್ರಯೋಗಾಲಯಗಳಿಗೆ ಹಂಚಿ ಕೊಟ್ಟರೆ, ಒಂದರಿಂದ ಶೇ. 0.5 ಇಂಗಾಲವೆಂದೂ ಇನ್ನೊಂದರಿಂದ ಶೇ. 1.6 ಇಂಗಾಲವೆಂದೂ ವರದಿ ಬರುವುದುಂಟು. ಇಬ್ಬರೂ ಕೈತಪ್ಪು ಮಾಡಿಲ್ಲದಿರಬಹುದು. ಮೊದಲನೆಯವರು ಡೈಕ್ರೋಮೇಟ್ ಎಂಬ ಉತ್ಕರ್ಷಕ ರಾಸಾಯನಿಕ ಬಳಸಿ ಸಾವಯವ ಇಂಗಾಲವನ್ನು ಅಳೆದಿರುತ್ತಾರೆ. ಎರಡನೆಯವರು ಮಣ್ಣನ್ನು ಯಂತ್ರದಲ್ಲಿ ಸುಟ್ಟು, ಅದರಲ್ಲಿದ್ದ ಸುಣ್ಣದ ಹರಳಿನ ಇಂಗಾಲವನ್ನೂ ಸೇರಿಸಿ ಎಣಿಸಿರುತ್ತಾರೆ. ಸುಣ್ಣದ ತೂಕದಲ್ಲಿ ಶೇ. 12ರಷ್ಟು ಇಂಗಾಲವೇ ಇರುವುದರಿಂದ, ಮಣ್ಣಿನಲ್ಲಿ ಶೇ. 9ರಷ್ಟು ಸುಣ್ಣವಿದ್ದರೂ ಸಾಕು, ವರದಿಯಲ್ಲಿ ಶೇ. 1.1 ಇಂಗಾಲ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಯಾವ ವಿಧಾನ ಯಾವ ಇಂಗಾಲವನ್ನು, ಯಾವ ಸಾರಜನಕವನ್ನು ಹಿಡಿಯುತ್ತದೆ ಮತ್ತು ಯಾವುದನ್ನು ಬಿಡುತ್ತದೆ ಎಂಬುದನ್ನು ಪ್ರತಿ ಹಂತದಲ್ಲೂ ಹೇಳುತ್ತಾ ಹೋಗುವುದು ಈ ಬರಹದ ಉದ್ದೇಶ. ಕೈಯಿಂದ ಮಾಡುವ ಎರಡು ಹಳೆಯ ವಿಧಾನಗಳಿಗೆ, ಅಂದರೆ ಇಂಗಾಲಕ್ಕೆ ವಾಕ್ಲಿ-ಬ್ಲ್ಯಾಕ್ ಮತ್ತು ಸಾರಜನಕಕ್ಕೆ ಕೆಲ್ಡಾಲ್ ವಿಧಾನಗಳಿಗೆ, ಹೆಚ್ಚಿನ ಜಾಗ ಕೊಟ್ಟಿದ್ದೇನೆ. ನಮ್ಮ ಕಡೆಯ ಬಹುಪಾಲು ಮಣ್ಣು ಪರೀಕ್ಷೆ ನಡೆಯುವುದು ಇವುಗಳಿಂದಲೇ.

ಮಾದರಿಯ ತಯಾರಿ

ಹೊಲದಲ್ಲಿ ಹತ್ತರಿಂದ ಹದಿನೈದು ಕಡೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೋಡಿ, ಗುಂಡಿಯ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರವನ್ನು ಕೆತ್ತಿ ತೆಗೆಯಬೇಕು. ಬದುವಿನ ಪಕ್ಕ, ಮರದ ನೆರಳು, ತಿಪ್ಪೆ ಇದ್ದ ಜಾಗ ಮತ್ತು ಇತ್ತೀಚೆಗೆ ಗೊಬ್ಬರ ಹಾಕಿದ ಸಾಲುಗಳನ್ನು ಬಿಡಬೇಕು. ಎಲ್ಲವನ್ನೂ ಬೆರೆಸಿ, ಗುಡ್ಡೆ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಡುತ್ತಾ ಸುಮಾರು ಅರ್ಧ ಕಿಲೋಗೆ ಇಳಿಸಬೇಕು. ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ. ಸಾರಜನಕ ಅಳೆಯುವ ಮಣ್ಣನ್ನು ಓವನ್‌ನಲ್ಲಿ ಕಾಯಿಸಬಾರದು. ಅಮೋನಿಯಾ ದ್ರಾವಣದ ಬಾಟಲಿ ತೆರೆಯುವ ಕೋಣೆಯಲ್ಲಿ ಹರಡಲೂಬಾರದು.

ಇಲ್ಲಿಯವರೆಗೆ ಹೆಚ್ಚಿನವರು ಸರಿಯಾಗಿಯೇ ಮಾಡುತ್ತಾರೆ. ಎಡವುವುದು ಜರಡಿಯ ಹತ್ತಿರ. ಸಾಮಾನ್ಯ ಪರೀಕ್ಷೆಗಳಿಗೆ 2 ಮಿ.ಮೀ. ಜರಡಿ ಹಿಡಿದ ಮಣ್ಣು ಸಾಕು, ಆದರೆ ಇಂಗಾಲ ಮತ್ತು ಸಾರಜನಕಕ್ಕೆ ಸಾಲದು. ನಾವು ತೂಗುವುದು ಒಂದೇ ಒಂದು ಗ್ರಾಂ. ಅಷ್ಟು ಮಣ್ಣಿನಲ್ಲಿ ರಾಗಿಯ ಬೇರಿನ ಒಂದು ತುಣುಕು ಸೇರಿದರೆ ಇಂಗಾಲ ಏರುತ್ತದೆ, ಸೇರದಿದ್ದರೆ ಇಳಿಯುತ್ತದೆ. ಒಂದೇ ಮಾದರಿಯ ಮೂರು ಓದುಗಳು ಮೂರು ದಿಕ್ಕಿಗೆ ಹೋಗುತ್ತವೆ. ಆದ್ದರಿಂದ 2 ಮಿ.ಮೀ. ಜರಡಿ ಹಿಡಿದ ಮಣ್ಣಿನಿಂದ ಮತ್ತೆ ನಾಲ್ಕು ಭಾಗದ ಕ್ರಮದಲ್ಲಿ ಸುಮಾರು 20 ಗ್ರಾಂ ಬೇರೆ ಮಾಡಿ, ಕಣ್ಣಿಗೆ ಕಾಣುವ ಬೇರು ಕಡ್ಡಿಗಳನ್ನು ಆರಿಸಿ, ಪಿಂಗಾಣಿ ಒರಳಿನಲ್ಲಿ ಅರೆದು, ಅಷ್ಟೂ ಮಣ್ಣು 0.5 ಮಿ.ಮೀ. ಜರಡಿಯಲ್ಲಿ ಇಳಿಯುವಂತೆ ಮಾಡಬೇಕು. ಜರಡಿಯಲ್ಲಿ ಉಳಿದ ನಾಲ್ಕು ಕಾಳನ್ನು ಎಸೆದು ಬಿಡುವ ಅಭ್ಯಾಸ ಬೇಡ. ಅದನ್ನು ಮತ್ತೆ ಒರಳಿಗೆ ಹಾಕಬೇಕು, ಏಕೆಂದರೆ ಉಳಿಯುವುದು ಬೇರೆ ಬಗೆಯ ಮಣ್ಣೇ ಆಗಿರುತ್ತದೆ. ಕಬ್ಬಿಣದ ಒರಳನ್ನು ಬಳಸಬಾರದು. ಅದರಿಂದ ಉದುರುವ ಕಬ್ಬಿಣದ ಪುಡಿ ಡೈಕ್ರೋಮೇಟನ್ನು ತಾನೇ ತಿನ್ನುತ್ತದೆ.

ಇದೇ ಹೊತ್ತಿನಲ್ಲಿ ಎರಡು ಸಣ್ಣ ಕೆಲಸ ಮುಗಿಸಿಕೊಳ್ಳಬೇಕು. ಮೊದಲನೆಯದು, ಚಿಟಿಕೆ ಮಣ್ಣಿಗೆ ಎರಡು ತೊಟ್ಟು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ಅದು ನೊರೆಯುತ್ತದೆಯೇ ಎಂದು ನೋಡಿ ಪುಸ್ತಕದಲ್ಲಿ ಬರೆದಿಡುವುದು. ನೊರೆ ಬಂದರೆ ಸುಣ್ಣವಿದೆ. ಎರಡನೆಯದು, ಬೇರೊಂದು ಭಾಗವನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ತೇವಾಂಶ ಕಂಡುಕೊಳ್ಳುವುದು. ಗಾಳಿಯಲ್ಲಿ ಒಣಗಿದ ಕೆಮ್ಮಣ್ಣಿನಲ್ಲಿ ಈ ತೇವ ತೀರ ಕಡಿಮೆ, ಎರೆಮಣ್ಣಿನಲ್ಲಿ ಲೆಕ್ಕಕ್ಕೆ ಹಿಡಿಯಲೇಬೇಕಾದಷ್ಟು ಇರುತ್ತದೆ.

ಸಾವಯವ ಇಂಗಾಲ: ವಾಕ್ಲಿ-ಬ್ಲ್ಯಾಕ್ ವಿಧಾನ

1934ರಲ್ಲಿ ಪ್ರಕಟವಾದ ಈ ವಿಧಾನದ ತಿರುಳು ಸರಳವಾಗಿದೆ. ಗೊತ್ತಿರುವ ಪ್ರಮಾಣದ ಡೈಕ್ರೋಮೇಟನ್ನು ಮಣ್ಣಿಗೆ ಹಾಕಿ, ಸಲ್ಫ್ಯೂರಿಕ್ ಆಮ್ಲ ಬೆರೆತಾಗ ಹುಟ್ಟುವ ಶಾಖದಲ್ಲೇ ಮಣ್ಣಿನ ಸಾವಯವ ಇಂಗಾಲ ಸುಡುವಂತೆ ಮಾಡಿ, ಖರ್ಚಾಗದೆ ಉಳಿದ ಡೈಕ್ರೋಮೇಟ್ ಎಷ್ಟೆಂದು ಅನುಮಾಪನದಿಂದ, ಅಂದರೆ ಶಕ್ತಿ ಗೊತ್ತಿರುವ ಇನ್ನೊಂದು ದ್ರಾವಣವನ್ನು ಬಣ್ಣ ತಿರುಗುವವರೆಗೆ ಅಳೆದು ಬಿಟ್ಟು, ತಿಳಿಯುವುದು. ನಾರ್ಮಲ್ ಎಂಬುದು ದ್ರಾವಣದ ಶಕ್ತಿಯ ಅಳತೆ; ಒಂದು ನಾರ್ಮಲ್ ಡೈಕ್ರೋಮೇಟಿನ ಪ್ರತಿ ಮಿ.ಲೀ. 3 ಮಿಲಿಗ್ರಾಂ ಇಂಗಾಲಕ್ಕೆ ಸಮ.

ಬೇಕಾದ ದ್ರಾವಣಗಳು ಇವು. 105 ಡಿಗ್ರಿಯಲ್ಲಿ ಒಣಗಿಸಿದ ಪೊಟ್ಯಾಸಿಯಂ ಡೈಕ್ರೋಮೇಟ್ 49.04 ಗ್ರಾಂ ತೂಗಿ ನೀರಿನಲ್ಲಿ ಕರಗಿಸಿ ಒಂದು ಲೀಟರಿಗೆ ತುಂಬಿಸಿದರೆ ಒಂದು ನಾರ್ಮಲ್ ದ್ರಾವಣ ಸಿಗುತ್ತದೆ. ಫೆರಸ್ ಅಮೋನಿಯಂ ಸಲ್ಫೇಟ್, ಅಂದರೆ ಮೋರ್ ಲವಣ, 196.1 ಗ್ರಾಂ ತೆಗೆದುಕೊಂಡು, 20 ಮಿ.ಲೀ. ಸಲ್ಫ್ಯೂರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ ಅರ್ಧ ನಾರ್ಮಲ್ ದ್ರಾವಣವಾಗುತ್ತದೆ. ಸೂಚಕಕ್ಕಾಗಿ ಡೈಫಿನೈಲ್‌ಅಮೈನ್ 0.5 ಗ್ರಾಂ ಅನ್ನು 20 ಮಿ.ಲೀ. ನೀರು ಮತ್ತು 100 ಮಿ.ಲೀ. ಸಲ್ಫ್ಯೂರಿಕ್ ಆಮ್ಲದ ಮಿಶ್ರಣದಲ್ಲಿ ಕರಗಿಸಬೇಕು. ಇವಲ್ಲದೆ ಶೇ. 96ಕ್ಕೆ ಕಡಿಮೆಯಿಲ್ಲದ ಸಲ್ಫ್ಯೂರಿಕ್ ಆಮ್ಲ ಮತ್ತು ಶೇ. 85ರ ಫಾಸ್ಫಾರಿಕ್ ಆಮ್ಲ ಬೇಕು. ಆಮ್ಲದ ಸಾಂದ್ರತೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು: ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ಸಡಿಲವಾಗಿಟ್ಟ ಬಾಟಲಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಆಮ್ಲ ಸಪ್ಪೆಯಾದಷ್ಟೂ ಶಾಖ ಕಡಿಮೆ ಹುಟ್ಟುತ್ತದೆ, ಶಾಖ ಕಡಿಮೆಯಾದರೆ ಇಂಗಾಲ ಪೂರ್ತಿ ಸುಡುವುದಿಲ್ಲ.

500 ಮಿ.ಲೀ. ಶಂಕುವಿನಾಕಾರದ ಫ್ಲಾಸ್ಕಿಗೆ 1 ಗ್ರಾಂ ಮಣ್ಣು ತೂಗಿ ಹಾಕಿ. ಮಲೆನಾಡಿನ ಕಾಡುಮಣ್ಣಾಗಿದ್ದರೆ ಕಾಲು ಗ್ರಾಂನಿಂದ ಅರ್ಧ ಗ್ರಾಂ ಸಾಕು, ಬಯಲುಸೀಮೆಯ ಬಡ ಮಸಾರಿ ಮಣ್ಣಾಗಿದ್ದರೆ 2 ಗ್ರಾಂ ತೆಗೆದುಕೊಳ್ಳಬಹುದು. ಪಿಪೆಟ್‌ನಿಂದ 10 ಮಿ.ಲೀ. ಡೈಕ್ರೋಮೇಟ್ ಹಾಕಿ ಮೆಲ್ಲನೆ ಸುತ್ತಿಸಿ, ಮಣ್ಣೆಲ್ಲ ನೆನೆಯಲಿ. ಪಿಪೆಟ್ಟನ್ನು ಬಾಯಿಂದ ಎಳೆಯುವ ಹಳೆಯ ರೂಢಿಯನ್ನು ಸಂಪೂರ್ಣ ಬಿಡಬೇಕು, ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ. ನಂತರ ಫ್ಯೂಮ್ ಹುಡ್‌ನಲ್ಲಿ, ಕೈಗವಸು ಮತ್ತು ಕನ್ನಡಕ ಧರಿಸಿ, 20 ಮಿ.ಲೀ. ಸಲ್ಫ್ಯೂರಿಕ್ ಆಮ್ಲವನ್ನು ನೇರ ದ್ರವಕ್ಕೆ ಬೀಳುವಂತೆ ತಡವಿಲ್ಲದೆ ಸೇರಿಸಿ, ಒಂದು ನಿಮಿಷ ಸುತ್ತಿಸಿ. ಮಣ್ಣು ಫ್ಲಾಸ್ಕಿನ ಗೋಡೆಗೆ ಹತ್ತಿಕೊಂಡರೆ ಅದು ಲೆಕ್ಕದಿಂದ ಹೊರಗುಳಿಯುತ್ತದೆ.

ಈಗ 30 ನಿಮಿಷ ಬಿಡಬೇಕು. ಎಲ್ಲಿ ಬಿಡುತ್ತೀರಿ ಎಂಬುದು ಮುಖ್ಯ. ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ಇಟ್ಟರೆ ಕಲ್ಲು ಶಾಖವನ್ನು ಎಳೆದುಕೊಳ್ಳುತ್ತದೆ. ಮರದ ಹಲಗೆಯ ಮೇಲೆ ಇಟ್ಟರೆ ಬಿಸಿ ಉಳಿಯುತ್ತದೆ. ಈ ವಿಧಾನದಲ್ಲಿ ಹೊರಗಿನಿಂದ ಕಾಯಿಸುವುದೇ ಇಲ್ಲವಾದ್ದರಿಂದ, ಇದ್ದ ಶಾಖವನ್ನು ಎಲ್ಲ ಫ್ಲಾಸ್ಕುಗಳಲ್ಲೂ ಒಂದೇ ರೀತಿ ಕಾಪಾಡುವುದಷ್ಟೇ ನಮ್ಮ ಕೈಯಲ್ಲಿರುವುದು. ಅರ್ಧ ಗಂಟೆಯ ನಂತರ 200 ಮಿ.ಲೀ. ನೀರು, 10 ಮಿ.ಲೀ. ಫಾಸ್ಫಾರಿಕ್ ಆಮ್ಲ ಹಾಕಿ ಆರಲು ಬಿಟ್ಟು, 1 ಮಿ.ಲೀ. ಸೂಚಕ ಸೇರಿಸಿ. ಫಾಸ್ಫಾರಿಕ್ ಆಮ್ಲ ಫೆರಿಕ್ ಕಬ್ಬಿಣವನ್ನು ಹಿಡಿದಿಟ್ಟು ಬಣ್ಣದ ತಿರುವನ್ನು ಸ್ಪಷ್ಟಗೊಳಿಸುತ್ತದೆ. ಅದನ್ನು ಮರೆತರೆ ಅಂತಿಮ ಬಿಂದು ಮಸುಕಾಗಿ, ಎಲ್ಲಿ ನಿಲ್ಲಿಸಬೇಕೆಂಬುದೇ ತಿಳಿಯುವುದಿಲ್ಲ.

ಮೋರ್ ಲವಣದ ದ್ರಾವಣವನ್ನು ಬ್ಯುರೆಟ್‌ನಿಂದ ಬಿಡುತ್ತಾ ಹೋದಂತೆ ಕಪ್ಪುಗೆಂದು ಬಣ್ಣ ಮೊದಲು ಕಡುನೇರಳೆಯಾಗುತ್ತದೆ, ಆಮೇಲೆ ಕದಡಿದ ನೀಲಿಗೆ ಇಳಿಯುತ್ತದೆ. ನೀಲಿ ಕಂಡ ಕೂಡಲೇ ಕೈ ನಿಧಾನವಾಗಬೇಕು, ತೊಟ್ಟು ತೊಟ್ಟಾಗಿ ಬಿಡಬೇಕು. ಒಂದು ತೊಟ್ಟಿಗೆ ಇಡೀ ಫ್ಲಾಸ್ಕ್ ನೀಲಿಯಿಂದ ಎಳೆ ಭತ್ತದ ಸಸಿಯ ಹಸಿರಿಗೆ ಹೊರಳುತ್ತದೆ. ಆ ಹೊರಳು ಎಷ್ಟು ಥಟ್ಟನೆ ಆಗುತ್ತದೆಂದರೆ, ಕಲಿಯುವವರು ಮೊದಲ ಸಲ ಹೆಚ್ಚಾಗಿ ಅದನ್ನು ದಾಟಿಯೇ ಬಿಡುತ್ತಾರೆ. ದಾಟಿದರೆ 0.5 ಮಿ.ಲೀ. ಡೈಕ್ರೋಮೇಟನ್ನು ಪಿಪೆಟ್‌ನಿಂದ ಅಳೆದು ಹಾಕಿ ಮತ್ತೆ ಮಾಡಬಹುದು, ಆದರೆ ಆ ಹೆಚ್ಚುವರಿಯನ್ನು ಲೆಕ್ಕಕ್ಕೆ ಸೇರಿಸಲೇಬೇಕು. ಎರೆಮಣ್ಣು ದ್ರವವನ್ನು ಕದಡಿ ಬಣ್ಣವನ್ನು ಮುಚ್ಚುವುದರಿಂದ, ಫ್ಲಾಸ್ಕಿನ ಅಡಿಗೆ ಬಿಳಿಯ ಟೈಲ್ ಇಟ್ಟು, ಹಿಂದಿನಿಂದ ಬೆಳಕು ಬರುವಂತೆ ಮಾಡಿಕೊಳ್ಳುವುದು ಒಳ್ಳೆಯದು.

ಪ್ರತಿ ತಂಡದ ಜೊತೆ ಮಣ್ಣಿಲ್ಲದ ಎರಡು ಬ್ಲ್ಯಾಂಕ್ ಫ್ಲಾಸ್ಕುಗಳನ್ನು ಇದೇ ಕ್ರಮದಲ್ಲಿ ನಡೆಸಬೇಕು. ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲಸ ಕಲಿತ ಹೊಸದರಲ್ಲಿ, ಸೋಮವಾರ ತೆಗೆದ ಬ್ಲ್ಯಾಂಕಿನ ಓದನ್ನೇ ಇಡೀ ವಾರ ಬಳಸಿದ್ದೆ. ಮೋರ್ ಲವಣದ ದ್ರಾವಣ ಗಾಳಿಗೆ ದಿನದಿನಕ್ಕೂ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಶುಕ್ರವಾರದ ಹೊತ್ತಿಗೆ ಪ್ರತಿ ಮಾದರಿಗೂ ಹೆಚ್ಚು ಮಿ.ಲೀ. ಬೇಕಾಗಿ, ಬ್ಲ್ಯಾಂಕಿಗೂ ಮಾದರಿಗೂ ಇರುವ ವ್ಯತ್ಯಾಸ ಕುಗ್ಗಿ, ಆ ವಾರದ ಕೊನೆಯ ಮಣ್ಣುಗಳೆಲ್ಲ ಇರುವುದಕ್ಕಿಂತ ಬಡವಾಗಿ ಕಂಡವು. ವರದಿ ಹೊರಡುವ ಮೊದಲು ಹಿರಿಯರೊಬ್ಬರು ಹಿಡಿದರು. ಎಲ್ಲವನ್ನೂ ಮತ್ತೆ ಮಾಡಿದೆ. ಆ ಕಡಿಮೆ ಅಂಕಿಯನ್ನು ನಂಬಿ ಒಬ್ಬ ರೈತ ಬೇಡದ ಗೊಬ್ಬರಕ್ಕೆ ಹಣ ಹಾಕುತ್ತಿದ್ದ ಎಂಬುದು ಇಂದಿಗೂ ಮನಸ್ಸಿನಲ್ಲಿದೆ.

ಲೆಕ್ಕ ಹೀಗೆ. ಬ್ಲ್ಯಾಂಕಿಗೆ 20.4 ಮಿ.ಲೀ., 1 ಗ್ರಾಂ ಮಣ್ಣಿಗೆ 17.2 ಮಿ.ಲೀ. ಬಂತೆಂದುಕೊಳ್ಳಿ. 10 ಮಿ.ಲೀ. ಒಂದು ನಾರ್ಮಲ್ ಡೈಕ್ರೋಮೇಟಿಗೆ 20.4 ಮಿ.ಲೀ. ಹಿಡಿದಿದೆಯಾದ್ದರಿಂದ ಮೋರ್ ಲವಣದ ನಿಜವಾದ ನಾರ್ಮಾಲಿಟಿ 10 ಭಾಗಿಸು 20.4, ಅಂದರೆ 0.490. ವ್ಯತ್ಯಾಸ 3.2 ಮಿ.ಲೀ. ಅದನ್ನು 0.490ರಿಂದಲೂ 0.003ರಿಂದಲೂ 100ರಿಂದಲೂ ಗುಣಿಸಿ, ಮಣ್ಣಿನ ತೂಕದಿಂದ ಭಾಗಿಸಿದರೆ ಶೇ. 0.47. ಇದು ಈ ವಿಧಾನಕ್ಕೆ ಸಿಕ್ಕ ಇಂಗಾಲ. ಮಣ್ಣಿನ ಸಾವಯವ ಇಂಗಾಲದಲ್ಲಿ ಸರಾಸರಿ ಶೇ. 77 ಮಾತ್ರ ಹೀಗೆ ಸುಡುತ್ತದೆ ಎಂಬ ಆಧಾರದ ಮೇಲೆ 1.3ರಿಂದ ಗುಣಿಸಿದರೆ ಶೇ. 0.61. ಶೇ. 0.5ಕ್ಕಿಂತ ಕಡಿಮೆ ಎಂದರೆ ಕೊರತೆ, 0.5ರಿಂದ 0.75 ಮಧ್ಯಮ, ಅದಕ್ಕೂ ಮೇಲೆ ಹೆಚ್ಚು ಎಂಬ ರೂಢಿಯ ವರ್ಗೀಕರಣದಲ್ಲಿ ಈ ಒಂದೇ ಮಣ್ಣು ಗುಣಿಸದಿದ್ದರೆ ಒಂದು ವರ್ಗಕ್ಕೆ, ಗುಣಿಸಿದರೆ ಇನ್ನೊಂದು ವರ್ಗಕ್ಕೆ ಬೀಳುತ್ತದೆ. ಆದ್ದರಿಂದ 1.3ರಿಂದ ಗುಣಿಸಿದ್ದೀರೋ ಇಲ್ಲವೋ ಎಂಬುದನ್ನು ವರದಿಯಲ್ಲಿ ಬರೆಯದೆ ಬಿಡುವುದು ನನ್ನ ದೃಷ್ಟಿಯಲ್ಲಿ ಅಪೂರ್ಣ ವರದಿ. ಸಾವಯವ ಪದಾರ್ಥ ಕೇಳಿದರೆ ತಿದ್ದಿದ ಇಂಗಾಲವನ್ನು 1.724ರಿಂದ ಗುಣಿಸುವುದು ವಾಡಿಕೆ. ಸಾವಯವ ಪದಾರ್ಥದಲ್ಲಿ ಶೇ. 58 ಇಂಗಾಲವಿದೆ ಎಂಬ ಅಂದಾಜು ಅದರ ಹಿಂದಿದೆ. ಮಾದರಿಯ ಓದು 4 ಮಿ.ಲೀ.ಗಿಂತ ಕಡಿಮೆ ಬಂದರೆ ಡೈಕ್ರೋಮೇಟ್ ಬಹುತೇಕ ಮುಗಿದಿದೆ ಎಂದರ್ಥ. ಕಡಿಮೆ ಮಣ್ಣು ತೂಗಿ ಮತ್ತೆ ಮಾಡಬೇಕು.

ಸುಣ್ಣದ ಇಂಗಾಲ ಆಗಲೇ ಪೂರ್ತಿ ಉತ್ಕರ್ಷಣಗೊಂಡಿರುವುದರಿಂದ ಡೈಕ್ರೋಮೇಟನ್ನು ಮುಟ್ಟುವುದಿಲ್ಲ, ಇದು ಎರೆಹೊಲಗಳ ಮಟ್ಟಿಗೆ ಈ ವಿಧಾನದ ದೊಡ್ಡ ಅನುಕೂಲ. ತೊಂದರೆ ಕೊಡುವುದು ಕ್ಲೋರೈಡ್. ತುಂಗಭದ್ರಾ ಅಚ್ಚುಕಟ್ಟಿನ ಸವಳು ಮಣ್ಣಿನಲ್ಲಿ, ಉತ್ತರ ಕನ್ನಡದ ಗಜನಿ ಗದ್ದೆಗಳಲ್ಲಿ ಉಪ್ಪು ಡೈಕ್ರೋಮೇಟನ್ನು ತಿಂದು ಇಂಗಾಲವನ್ನು ಹೆಚ್ಚಾಗಿ ತೋರಿಸುತ್ತದೆ. ಅಂಥಲ್ಲಿ ಪ್ರತಿ ಲೀಟರ್ ಸಲ್ಫ್ಯೂರಿಕ್ ಆಮ್ಲಕ್ಕೆ ಸುಮಾರು 15 ಗ್ರಾಂ ಸಿಲ್ವರ್ ಸಲ್ಫೇಟ್ ಕರಗಿಸಿಟ್ಟುಕೊಳ್ಳಬೇಕು. ನೀರು ನಿಂತ ಭತ್ತದ ಗದ್ದೆಯ ಮಣ್ಣಿನಲ್ಲಿ ಫೆರಸ್ ಕಬ್ಬಿಣವೂ ಇದೇ ತಪ್ಪನ್ನು ಮಾಡಿಸುತ್ತದೆ, ಆದರೆ ಗಾಳಿಯಲ್ಲಿ ಚೆನ್ನಾಗಿ ಒಣಗಿಸಿದರೆ ಅದು ಬಹುಮಟ್ಟಿಗೆ ತಾನಾಗಿ ಹೋಗುತ್ತದೆ. ಕಬ್ಬಿನ ತರಗು ಸುಟ್ಟ ಹೊಲದ ಇದ್ದಿಲನ್ನು ಈ ವಿಧಾನ ಅಲ್ಪಸ್ವಲ್ಪವೇ ಹಿಡಿಯುತ್ತದೆ.

ಒಟ್ಟು ಸಾರಜನಕ: ಕೆಲ್ಡಾಲ್ ವಿಧಾನ

ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ ಈ ಕ್ರಮದಲ್ಲಿ ಮೂರು ಕೆಲಸಗಳಿವೆ: ಬಿಸಿ ಆಮ್ಲದಲ್ಲಿ ಮಣ್ಣನ್ನು ಜೀರ್ಣಿಸಿ ಸಾವಯವ ಸಾರಜನಕವನ್ನು ಅಮೋನಿಯಂ ಆಗಿಸುವುದು, ಕ್ಷಾರ ಹಾಕಿ ಅಮೋನಿಯಾವನ್ನು ಬಟ್ಟಿ ಇಳಿಸುವುದು, ಇಳಿದದ್ದನ್ನು ಆಮ್ಲದಿಂದ ಅಳೆಯುವುದು.

ಜೀರ್ಣಕ ನಳಿಗೆಗೆ 1 ಗ್ರಾಂ ನುಣ್ಣನೆಯ ಮಣ್ಣು ಹಾಕಿ. ಎರೆಮಣ್ಣಾದರೆ ಕೆಲವು ಮಿ.ಲೀ. ನೀರು ಹಾಕಿ ಅರ್ಧ ಗಂಟೆ ನೆನೆಸಿ. ಒಣ ಜೇಡಿಯ ಗಂಟಿನೊಳಗೆ ಆಮ್ಲ ಹೊಕ್ಕುವುದು ಕಷ್ಟ. ಪೊಟ್ಯಾಸಿಯಂ ಸಲ್ಫೇಟ್, ತಾಮ್ರದ ಸಲ್ಫೇಟ್ ಮತ್ತು ಸೆಲೆನಿಯಂಗಳನ್ನು ತೂಕದಲ್ಲಿ 100:10:1ರಂತೆ ಅರೆದು ಬೆರೆಸಿದ ಪುಡಿ ಸುಮಾರು 4 ಗ್ರಾಂ, ಆಮೇಲೆ 10 ಮಿ.ಲೀ. ಸಲ್ಫ್ಯೂರಿಕ್ ಆಮ್ಲ ಸೇರಿಸಿ. ಪೊಟ್ಯಾಸಿಯಂ ಸಲ್ಫೇಟ್ ಇರುವುದು ಆಮ್ಲದ ಕುದಿಬಿಂದುವನ್ನು ಏರಿಸಲು; ತಾಮ್ರ, ಸೆಲೆನಿಯಂಗಳು ಕೆಲಸವನ್ನು ಚುರುಕುಗೊಳಿಸುತ್ತವೆ. ಸೆಲೆನಿಯಂ ವಿಷ, ಪುಡಿಯನ್ನು ಅರೆಯುವಾಗ ಮುಖಗವಸು ಬೇಕು. ಮೊದಲು ಕಡಿಮೆ ಶಾಖದಲ್ಲಿ ನೀರು ಹೋಗಿ ನೊರೆ ಅಡಗುವವರೆಗೆ ಕಾಯಿಸಿ, ನಂತರ 360ರಿಂದ 390 ಡಿಗ್ರಿಗೆ ಏರಿಸಿ. 400 ಡಿಗ್ರಿ ದಾಟಿದರೆ ಸಾರಜನಕವೇ ಹಾರಿಹೋಗುವ ಅಪಾಯವಿದೆ.

ಕಪ್ಪು ದ್ರವ ಕಂದಾಗಿ, ಹಳದಿಯಾಗಿ, ಕೊನೆಗೆ ತಿಳಿ ಹಸಿರು ಛಾಯೆಗೆ ಬಂದಾಗ ಕೆಲಸ ಮುಗಿಯಿತೆಂದು ಎಲ್ಲರಿಗೂ ಅನಿಸುತ್ತದೆ. ಆದರೆ ಬಣ್ಣ ತಿಳಿಯಾಗುವುದು ಇಂಗಾಲ ಮುಗಿದ ಗುರುತು, ಸಾರಜನಕ ಪೂರ್ತಿ ಬಿಡುಗಡೆಯಾದ ಗುರುತಲ್ಲ. ತಿಳಿಯಾದ ಮೇಲೂ ಒಂದರಿಂದ ಎರಡು ಗಂಟೆ ಅದೇ ಶಾಖದಲ್ಲಿ ಬಿಡಬೇಕು. ಹೊಗೆಯನ್ನು ಎಳೆದುಕೊಳ್ಳುವ ವ್ಯವಸ್ಥೆ ಇಲ್ಲದ ಕೋಣೆಯಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಆರಿದ ಮೇಲೆ ನೀರನ್ನು ಸ್ವಲ್ಪ ಸ್ವಲ್ಪವಾಗಿ, ನಳಿಗೆಯ ಗೋಡೆಯ ಮೇಲೆ ಇಳಿಯುವಂತೆ ಸೇರಿಸಿ, ಬಟ್ಟಿ ಇಳಿಸುವ ಉಪಕರಣಕ್ಕೆ ಜೋಡಿಸಿ. ಇನ್ನೊಂದು ತುದಿಯಲ್ಲಿ, ಬ್ರೋಮೋಕ್ರೆಸಾಲ್ ಗ್ರೀನ್ ಮತ್ತು ಮೀಥೈಲ್ ರೆಡ್ ಬೆರೆತ ಸೂಚಕ ಹಾಕಿದ ಶೇ. 4ರ ಬೋರಿಕ್ ಆಮ್ಲ 25 ಮಿ.ಲೀ. ಇರಲಿ, ಕೊಳವೆಯ ತುದಿ ಅದರಲ್ಲಿ ಮುಳುಗಿರಲಿ. ಈಗ ಶೇ. 40ರ ಸೋಡಿಯಂ ಹೈಡ್ರಾಕ್ಸೈಡ್ ಬಿಡಬೇಕು. 10 ಮಿ.ಲೀ. ಆಮ್ಲವನ್ನು ಕೊಲ್ಲಲು ಸುಮಾರು 36 ಮಿ.ಲೀ. ಬೇಕಾಗುವುದರಿಂದ 45ರಿಂದ 50 ಮಿ.ಲೀ. ಬಿಡುವುದು ಕ್ಷೇಮ. ಸಾಕಾಯಿತೋ ಇಲ್ಲವೋ ಎಂಬುದನ್ನು ತಾಮ್ರವೇ ಹೇಳುತ್ತದೆ: ದ್ರವ ನೀಲಿಯಾಗಿ, ಬಿಸಿಗೆ ಕಪ್ಪುಗೆಂದಾಗಿ ಕದಡಿದರೆ ಕ್ಷಾರ ಹೆಚ್ಚಿದೆ, ನೀಲಿ ತಿಳಿಯಾಗಿಯೇ ಉಳಿದರೆ ಸಾಲದು, ಅಮೋನಿಯಾ ಒಳಗೇ ಉಳಿಯುತ್ತದೆ.

ಆವಿ ಹಾಯಿಸಿದಂತೆ ಬೋರಿಕ್ ಆಮ್ಲದ ಕೆಂಗುಲಾಬಿ ಬಣ್ಣ ಹಸಿರಾಗುತ್ತದೆ. ಸುಮಾರು 100 ಮಿ.ಲೀ. ಇಳಿದ ಮೇಲೆ ಮೊದಲು ಫ್ಲಾಸ್ಕನ್ನು ಕೆಳಗಿಳಿಸಿ ಕೊಳವೆಯ ತುದಿ ತೊಳೆದು, ಆಮೇಲೆ ಆವಿ ನಿಲ್ಲಿಸಿ. ಕ್ರಮ ತಿರುವುಮುರುವಾದರೆ ದ್ರವ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಬೋರಿಕ್ ಆಮ್ಲ ಅಮೋನಿಯಾವನ್ನು ಹಿಡಿದಿಡುವ ಪಾತ್ರವಷ್ಟೇ, ಅದರ ಪ್ರಮಾಣ ನಿಖರವಾಗಿರಬೇಕಿಲ್ಲ. ನಿಖರವಾಗಿರಬೇಕಾದುದು ಅನುಮಾಪನದ 0.01 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ. ಹಸಿರು ಮತ್ತೆ ತಿಳಿ ಗುಲಾಬಿಗೆ ತಿರುಗುವವರೆಗೆ ಅದನ್ನು ಬಿಡಬೇಕು.

ಈ ಆಮ್ಲದ ಪ್ರತಿ ಮಿ.ಲೀ. 0.14 ಮಿಲಿಗ್ರಾಂ ಸಾರಜನಕಕ್ಕೆ ಸಮ. ನಮ್ಮ ಮಣ್ಣಿಗೆ 4.30, ಬ್ಲ್ಯಾಂಕಿಗೆ 0.20 ಮಿ.ಲೀ. ಬಂದರೆ, ವ್ಯತ್ಯಾಸ 4.10 ಮಿ.ಲೀ., ಅಂದರೆ 0.574 ಮಿಲಿಗ್ರಾಂ, ಅಂದರೆ ಶೇ. 0.057. ಇಂಗಾಲದ ಶೇ. 0.61ನ್ನು ಇದರಿಂದ ಭಾಗಿಸಿದರೆ ಸುಮಾರು 10.7. ಉಳುಮೆಯ ಮಣ್ಣಿನಲ್ಲಿ ಈ ಅನುಪಾತ ಸಾಮಾನ್ಯವಾಗಿ 10ರಿಂದ 12ರ ಆಸುಪಾಸು ಇರುವುದರಿಂದ, 4 ಎಂದೋ 25 ಎಂದೋ ಬಂದಾಗ ಮಣ್ಣನ್ನು ಅನುಮಾನಿಸುವ ಮೊದಲು ನಮ್ಮ ಕೆಲಸವನ್ನು ಅನುಮಾನಿಸಬೇಕು.

ಬಟ್ಟಿಯ ಭಾಗವನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ಒಣ ಅಮೋನಿಯಂ ಸಲ್ಫೇಟ್ 0.4717 ಗ್ರಾಂ ಒಂದು ಲೀಟರಿನಲ್ಲಿ ಕರಗಿಸಿ, ಅದರ 10 ಮಿ.ಲೀ.ಯನ್ನು ಜೀರ್ಣಿಸದೆ ನೇರವಾಗಿ ಬಟ್ಟಿ ಇಳಿಸಿದರೆ 1 ಮಿಲಿಗ್ರಾಂ ಸಾರಜನಕ, ಅಂದರೆ ಬ್ಲ್ಯಾಂಕ್ ಕಳೆದು 7.14 ಮಿ.ಲೀ. ಆಮ್ಲ ಬರಬೇಕು. ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ. ರಬ್ಬರ್ ಬಿರಡೆಗಳನ್ನು ಮೊದಲು ನೋಡಿ. ಇದು ಸರಿ ಬಂದು, ನಿಕೋಟಿನಿಕ್ ಆಮ್ಲದಂಥ ಸುಲಭವಾಗಿ ಒಡೆಯದ ವಸ್ತುವನ್ನು ಜೀರ್ಣಿಸಿದಾಗ ಕಡಿಮೆ ಬಂದರೆ, ತಪ್ಪು ಜೀರ್ಣಕ್ರಿಯೆಯಲ್ಲಿದೆ.

ಮೇಲಿನ ಕ್ರಮ ನೈಟ್ರೇಟನ್ನು ಸರಿಯಾಗಿ ಹಿಡಿಯುವುದಿಲ್ಲ. ಈಚೆಗೆ ಯೂರಿಯಾ ಹಾಕಿ ನೈಟ್ರೇಟ್ ಏರಿರಬಹುದಾದ ಮಣ್ಣಿಗೆ, ಆಮ್ಲದಲ್ಲಿ ಸ್ಯಾಲಿಸಿಲಿಕ್ ಆಮ್ಲ ಕರಗಿಸಿ, ಆಮೇಲೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಜೀರ್ಣಿಸುವ ಮಾರ್ಪಾಡು ಬೇಕು. ಅದರಲ್ಲಿ ಮಣ್ಣನ್ನು ನೀರಿನಲ್ಲಿ ನೆನೆಸಬಾರದು.

ಮಣ್ಣು ಆರೋಗ್ಯ ಚೀಟಿಯಲ್ಲಿ ಕಾಣುವ ಸಾರಜನಕ ಇದಲ್ಲ ಎಂಬುದನ್ನೂ ಹೇಳಬೇಕು. ಹೆಕ್ಟೇರಿಗೆ 280 ಕಿಲೋಗಿಂತ ಕಡಿಮೆ, 280ರಿಂದ 560 ಎಂಬ ವರ್ಗಗಳು ಕ್ಷಾರೀಯ ಪರ್ಮ್ಯಾಂಗನೇಟ್ ವಿಧಾನದ ಲಭ್ಯ ಸಾರಜನಕಕ್ಕೆ ಸೇರಿದವು. ನಮ್ಮ ಶೇ. 0.0574ನ್ನು ಹೆಕ್ಟೇರಿನ 15 ಸೆಂ.ಮೀ. ಮಣ್ಣಿನ ರೂಢಿಯ ತೂಕವಾದ 22.4 ಲಕ್ಷ ಕಿಲೋಗೆ ಹಿಡಿದರೆ 1,286 ಕಿಲೋ ಆಗುತ್ತದೆ. ಅದರ ಬಹುಭಾಗ ಸಾವಯವ ರೂಪದಲ್ಲಿ ಕಟ್ಟಿಹಾಕಿಕೊಂಡಿದ್ದು, ಒಂದು ಹಂಗಾಮಿನಲ್ಲಿ ಬೆಳೆಗೆ ಸಿಗುವುದು ಅಲ್ಪಭಾಗ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಹೋಲಿಸಬಾರದು.

ಯಂತ್ರದಲ್ಲಿ ಸುಡುವಾಗ

ಧಾತು ವಿಶ್ಲೇಷಕ ಯಂತ್ರ ತವರದ ಪುಟ್ಟ ಕೋಶದಲ್ಲಿ ಕಟ್ಟಿದ ಕೆಲವು ಹತ್ತು ಮಿಲಿಗ್ರಾಂ ಮಣ್ಣನ್ನು ಆಮ್ಲಜನಕದಲ್ಲಿ ಸುಟ್ಟು, ಬಿಸಿ ತಾಮ್ರದ ಮೇಲೆ ಹಾಯಿಸಿ ಸಾರಜನಕದ ಆಕ್ಸೈಡುಗಳನ್ನು ಸಾರಜನಕ ಅನಿಲವಾಗಿಸಿ, ಇಂಗಾಲ ಮತ್ತು ಸಾರಜನಕಗಳನ್ನು ಕೆಲವೇ ನಿಮಿಷಗಳಲ್ಲಿ ಒಟ್ಟಿಗೆ ಅಳೆಯುತ್ತದೆ. ನೈಟ್ರೇಟ್ ಇಲ್ಲಿ ತಪ್ಪಿಹೋಗುವುದಿಲ್ಲ. ತೂಗುವುದು ಇಷ್ಟು ಕಡಿಮೆಯಾದ್ದರಿಂದ ಮಣ್ಣನ್ನು 0.15 ಮಿ.ಮೀ. ಜರಡಿಗೆ ಇಳಿಯುವಷ್ಟು ನುಣ್ಣಗೆ ಅರೆಯಬೇಕು. ಶೇ. 71.09 ಇಂಗಾಲ ಮತ್ತು ಶೇ. 10.36 ಸಾರಜನಕವಿರುವ ಅಸೆಟನಿಲೈಡ್ ಒಂದರಿಂದಲೇ ಯಂತ್ರವನ್ನು ಸರಿಹೊಂದಿಸಿ ಶೇ. 0.05 ಸಾರಜನಕದ ಮಣ್ಣನ್ನು ಓದುವುದು ನನಗೆ ಒಪ್ಪಿಗೆಯಿಲ್ಲ. ಪ್ರಮಾಣೀಕೃತ ಮಣ್ಣಿನ ಮಾದರಿಯೊಂದು ಪ್ರತಿ ಸರದಿಯಲ್ಲೂ ಇರಬೇಕು.

ಆಮ್ಲದ ತೊಟ್ಟಿಗೆ ನೊರೆದ ಮಣ್ಣಾದರೆ ಇಂಗಾಲಕ್ಕೆ ಬೇರೆ ತಯಾರಿ ಬೇಕು. ಬೆಳ್ಳಿಯ ಕೋಶದಲ್ಲಿ ತೂಗಿದ ಮಣ್ಣನ್ನು ನೀರಿನಿಂದ ತೇವಗೊಳಿಸಿ, ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದ ಬೀಕರ್ ಇಟ್ಟ ಡೆಸಿಕೇಟರಿನಲ್ಲಿ ಆರರಿಂದ ಎಂಟು ಗಂಟೆ ಮುಚ್ಚಿಡಬೇಕು. ಆವಿ ಸುಣ್ಣವನ್ನು ಕರಗಿಸಿ ಅದರ ಇಂಗಾಲವನ್ನು ಹೊರಹಾಕುತ್ತದೆ. ತವರದ ಕೋಶ ಈ ಆವಿಗೆ ಪುಡಿಯಾಗುತ್ತದೆ, ಆದ್ದರಿಂದಲೇ ಬೆಳ್ಳಿ. ನಂತರ 60 ಡಿಗ್ರಿಯಲ್ಲಿ ಆಮ್ಲ ಪೂರ್ತಿ ಹೋಗುವಂತೆ ಒಣಗಿಸಿ ಯಂತ್ರಕ್ಕೆ ಕೊಡಬೇಕು. ಸಾರಜನಕದ ಅಂಕಿಯನ್ನು ಮಾತ್ರ ಆಮ್ಲ ಮುಟ್ಟಿಸದ ಭಾಗದಿಂದಲೇ ತೆಗೆದುಕೊಳ್ಳಿ.

ತ್ಯಾಜ್ಯ ಮತ್ತು ದಾಖಲೆ

ಅನುಮಾಪನ ಮುಗಿದು ಹಸಿರಾದ ಫ್ಲಾಸ್ಕಿನಲ್ಲಿ ಕ್ರೋಮಿಯಂ ಕಡಿಮೆ ಅಪಾಯದ ಮೂರನೆಯ ಸ್ಥಿತಿಗೆ ಇಳಿದಿರುತ್ತದೆ. ಅಪಾಯವಿರುವುದು ಉಳಿದುಹೋದ ಕಿತ್ತಳೆ ಬಣ್ಣದ ದ್ರಾವಣ ಮತ್ತು ಪಿಪೆಟ್ ತೊಳೆದ ನೀರಿನಲ್ಲಿ. ಅವನ್ನು ಆಮ್ಲೀಯ ಸ್ಥಿತಿಯಲ್ಲೇ ಫೆರಸ್ ಸಲ್ಫೇಟ್ ಹಾಕಿ ಕಿತ್ತಳೆ ಪೂರ್ತಿ ಹೋಗುವಂತೆ ಮಾಡಿ, ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದು, ಸುಣ್ಣದಿಂದ ಪಿಎಚ್ 8ರಿಂದ 9ಕ್ಕೆ ತಂದು, ತಳದಲ್ಲಿ ಕೂತ ಗಷ್ಟನ್ನು ಅಪಾಯಕಾರಿ ತ್ಯಾಜ್ಯ ಒಯ್ಯುವ ಪರವಾನಗಿ ಇರುವವರಿಗೆ ಕೊಡಬೇಕು. ಸೆಲೆನಿಯಂ ಇರುವ ಕೆಲ್ಡಾಲ್ ಉಳಿಕೆಯನ್ನು ಬೇರೆ ಡಬ್ಬದಲ್ಲಿ ಕೂಡಿಡಬೇಕು. ಎರಡೂ ಸಿಂಕಿಗೆ ಹೋಗಬಾರದು.

ದಾಖಲೆ ಪುಸ್ತಕದಲ್ಲಿ ಮಣ್ಣಿನ ತೂಕ, ಬ್ಲ್ಯಾಂಕ್ ಮತ್ತು ಮಾದರಿಯ ಓದುಗಳು, ನೊರೆ ಬಂತೋ ಇಲ್ಲವೋ, ತೇವಾಂಶ, ಯಾವ ವಿಧಾನ, ಯಾವ ಗುಣಕ ಎಂಬುದೆಲ್ಲ ಅಂದೇ, ಪೆನ್ನಿನಲ್ಲಿ, ಬರೆದಿರಬೇಕು. ಅರೆದ ಮಣ್ಣಿನಲ್ಲಿ ಉಳಿದದ್ದನ್ನು ಸಂಖ್ಯೆ ಬರೆದ ಬಿಗಿಮುಚ್ಚಳದ ಡಬ್ಬಿಯಲ್ಲಿ ಕನಿಷ್ಠ ಮುಂದಿನ ಹಂಗಾಮಿನವರೆಗೆ ಇಟ್ಟುಕೊಳ್ಳಿ. ವರದಿ ಹಿಡಿದು ರೈತ ಮತ್ತೆ ಬಂದಾಗ ಅದೇ ಮಣ್ಣನ್ನು ಅವನ ಎದುರಿಗೇ ಮತ್ತೊಮ್ಮೆ ತೂಗಬಹುದು.